ಬುಧವಾರದ ಸುದ್ದಿ

ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಾನು ಮಾಡಿದ ದೊಡ್ಡ ತಪ್ಪುಗಳೆಲ್ಲ ಟಿಪ್ಪಣಿ ಬರೆಸುವಾಗ, ಪಟ್ಟಿ ಹಾಕುವಾಗ, ಕೋಷ್ಟಕ ಗೀಚುವಾಗಲೇ ಆದವು. ಮಕ್ಕಳನ್ನು ಹೊಡೆದವನಲ್ಲ, ತಡವಾಗಿ ಶಾಲೆಗೆ ಬಂದವನೂ ಅಲ್ಲ. ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುವ ಚಟ ಮಾತ್ರ ಇತ್ತು. ಆ ಚಟದಿಂದ ನನ್ನ ಐದನೇ ತರಗತಿಯಲ್ಲಿ ಏನೇನಾಯಿತು ಎಂಬುದನ್ನು ಹೇಳುತ್ತೇನೆ.

ನಾನು ತುಮಕೂರು ಕಡೆಯವನು. ನೌಕರಿ ಸಿಕ್ಕಿದ್ದು ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಎರೆಭೂಮಿ. ಊರಿನ ಪಕ್ಕದಲ್ಲೇ ಕ್ಯಾಂಪು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭೂಮಿ ಕೊಂಡು, ನೆಲ್ಲು ಬೆಳೆಯುತ್ತ ನೆಲೆಸಿದವರ ಬಿಡಾರಗಳಿಗೆ ಈ ಭಾಗದಲ್ಲಿ ಇವತ್ತಿಗೂ ಅದೇ ಹೆಸರು. ತರಗತಿಯಲ್ಲಿ ಮನೆಮಾತು ಕನ್ನಡದ ಮಕ್ಕಳಿದ್ದರು, ತೆಲುಗಿನವರಿದ್ದರು, ಉರ್ದುವಿನವರಿದ್ದರು. ಇಷ್ಟು ಬಗೆಯ ಮಕ್ಕಳ ಮುಂದೆ ನಾನು ಬಿಚ್ಚಿದ್ದು ತುಮಕೂರಿನ ಹಬ್ಬಗಳ ಟಿಪ್ಪಣಿ.

ಸಂಕ್ರಾಂತಿ ಬಂತು. ‘ಸಂಕ್ರಾಂತಿಯು ಸುಗ್ಗಿಯ ಹಬ್ಬ, ಫಸಲು ಮನೆ ತುಂಬಿದ ಸಂತೋಷದಲ್ಲಿ ರೈತರು ಇದನ್ನು ಆಚರಿಸುತ್ತಾರೆ’ ಎಂದು ಬರೆಸಿದೆ. ಎಳ್ಳು ಬೆಲ್ಲ, ಕಬ್ಬು, ಕಿಚ್ಚು ಹಾಯಿಸುವುದು ಎಲ್ಲವನ್ನೂ ಸೇರಿಸಿದೆ. ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ‘ಸಂಕ್ರಾಂತಿ ನಾಟಿ ಹಬ್ಬ’ ಎಂದು ಬರೆದಿದ್ದ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ. ಆ ಹೊತ್ತಿಗೆ ಶಾಲೆಯ ಕಿಟಕಿಯಾಚೆಗೆ ಹೆಂಗಸರು ಸಾಲಾಗಿ ಬಗ್ಗಿ ಕೆಸರುಗದ್ದೆಯಲ್ಲಿ ನಾಟಿ ಮಾಡುತ್ತಿದ್ದರು. ನೀರಾವರಿ ಪ್ರದೇಶದಲ್ಲಿ ಮೊದಲ ಬೆಳೆ ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲಾಗಿ ಹೋಗುತ್ತದೆ. ಡ್ಯಾಮಿನಲ್ಲಿ ನೀರಿದ್ದರೆ ಜನವರಿ ಎರಡನೇ ಬೆಳೆಯ ನಾಟಿಯ ಕಾಲ. ಬೈಕಿನಲ್ಲಿ ದಿನಾ ಅದೇ ಗದ್ದೆಗಳ ನಡುವೆ ಶಾಲೆಗೆ ಬರುತ್ತಿದ್ದ ನಾನು, ಕಣ್ಣಿಗೆ ಕಂಡದ್ದನ್ನು ಬರೆದ ಹುಡುಗನಿಗೆ ಸೊನ್ನೆ ಕೊಟ್ಟಿದ್ದೆ. ಅವನು ವಾದ ಮಾಡಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ‘ಸುಗ್ಗಿ ಹಬ್ಬ’ ಎಂದೇ ಬರೆದು ಅಂಕ ತೆಗೆದುಕೊಂಡ. ಅವನು ತಿದ್ದಿಕೊಂಡ ಎಂದು ನಾನು ಖುಷಿಪಟ್ಟೆ.

ಇನ್ನು ಪ್ರಾರ್ಥನೆಯ ಹೊತ್ತಿನ ಸುದ್ದಿ ವಾಚನ. ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ. ನಾನು ಅದಕ್ಕೊಂದು ಶಿಸ್ತು ತಂದೆ. ಸೋಮವಾರ ಅಂತರರಾಷ್ಟ್ರೀಯ, ಮಂಗಳವಾರ ರಾಷ್ಟ್ರೀಯ, ಬುಧವಾರ ರಾಜ್ಯ, ಗುರುವಾರ ವಿಜ್ಞಾನ, ಶುಕ್ರವಾರ ಕ್ರೀಡೆ. ಡ್ರಾಯಿಂಗ್ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಹಿಂದಿನ ದಿನ ನಾನೇ ಐದಾರು ಸಾಲು ಬರೆದುಕೊಡುತ್ತಿದ್ದೆ, ಸರದಿಯ ಮಗು ಅದನ್ನು ಓದಬೇಕು. ಓದಿದ ಊರನ್ನು ನಕಾಶೆಯಲ್ಲಿ ಕಡ್ಡಿಯಿಂದ ತೋರಿಸಬೇಕು. ಭೇಟಿಗೆ ಬಂದ ಅಧಿಕಾರಿಗಳು ಮೆಚ್ಚಿ ಬೆನ್ನು ತಟ್ಟಿದ್ದೂ ಉಂಟು. ಮಕ್ಕಳು ಭೂಪಟದಲ್ಲಿ ಉಕ್ರೇನನ್ನೂ ಟರ್ಕಿಯನ್ನೂ ಫಟ್ಟನೆ ತೋರಿಸುತ್ತಿದ್ದರು. ನಮ್ಮ ಕಾಲುವೆಯ ನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ನಾನು ಕೇಳಿರಲಿಲ್ಲ.

2024ರ ಆಗಸ್ಟ್. ಅದರ ಹಿಂದಿನ ವರ್ಷ ಬರ ಬಿದ್ದು ತುಂಗಭದ್ರಾ ಜಲಾಶಯ ತುಂಬಿರಲಿಲ್ಲ, ಎರಡನೇ ಬೆಳೆಗೆ ನೀರೂ ಇರಲಿಲ್ಲ. ಈ ಸಲ ಮಲೆನಾಡಿನಲ್ಲಿ ಮಳೆ ಸುರಿದು ಡ್ಯಾಮು ತುಂಬಿತ್ತು. ಜುಲೈನಲ್ಲೇ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗಿತ್ತು. 9ರಂದು ನಾಗರ ಪಂಚಮಿ. ಈ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮರಮರಕ್ಕೆ ಜೋಕಾಲಿ, ಅಳ್ಳು, ಎಳ್ಳುಂಡಿ, ಶೇಂಗಾ ಉಂಡಿ, ಗಂಡುಹುಡುಗರ ಕೈಯಲ್ಲಿ ದಾರ ಕಟ್ಟಿದ ಕೊಬ್ಬರಿ ಬಟ್ಟಲು. ಹಬ್ಬದ ಮರುದಿನ, ಶನಿವಾರ ರಾತ್ರಿ, ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಅದೊಂದು ಕಂಡಿಯಿಂದಲೇ ಸುಮಾರು 35,000 ಕ್ಯುಸೆಕ್ ನೀರು ನದಿಗೆ ಹರಿಯತೊಡಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್‌ನಷ್ಟು ಬಿಟ್ಟರು. ಗೇಟು ಕೂರಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ನೀರು ಖಾಲಿ ಮಾಡಬೇಕಾಗುತ್ತದೆ ಎಂಬ ಮಾತು ಭಾನುವಾರವೇ ಊರೂರಿಗೆ ಹಬ್ಬಿತು. ತವರಿಗೆ ಬಂದ ಹೆಣ್ಣುಮಕ್ಕಳು, ಅವರನ್ನು ಕರೆದೊಯ್ಯಲು ಬಂದ ಅಳಿಯಂದಿರು, ಕಟ್ಟೆಯ ಮೇಲಿನ ಹಿರಿಯರು ಎಲ್ಲರ ಬಾಯಲ್ಲೂ ಅದೊಂದೇ ಮಾತು.

ಸೋಮವಾರದ ಸುದ್ದಿಯನ್ನು ನಾನು ಆಗಲೇ ಬರೆದಿಟ್ಟಿದ್ದೆ. ಪ್ಯಾರಿಸ್ ಒಲಿಂಪಿಕ್ಸ್‌ಗೆ ತೆರೆ, ಭಾರತಕ್ಕೆ ಒಂದು ಬೆಳ್ಳಿ, ಐದು ಕಂಚು, ಪ್ಯಾರಿಸ್ ಇರುವುದು ಸೇನ್ ನದಿಯ ದಂಡೆಯ ಮೇಲೆ. ಓದಬೇಕಾದ ಹುಡುಗಿ ಚೀಟಿ ಹಿಡಿದು ನಿಂತು ಕೇಳಿದಳು: “ಸರ, ಡ್ಯಾಂದು ಓದಾದು ಬ್ಯಾಡೇನ್ರಿ?”

“ಅದು ರಾಜ್ಯ ಸುದ್ದಿ. ಬುಧವಾರ” ಎಂದೆ.

ಅವಳು ಪ್ಯಾರಿಸ್ ಓದಿದಳು. ಹಿಂದಿನ ಸಾಲಿನಲ್ಲಿ ಹುಡುಗರು ಗುಸುಗುಸು ಮಾಡುತ್ತಿದ್ದರು. “ನಮ್ಮ ಗದ್ದಿಗೆ ಇನ್ನ ನೀರು ಬರಂಗಿಲ್ಲಂತ” ಎಂದು ಒಬ್ಬ, “ಹೊಳಿ ಕಡೆ ಹೋಗಬ್ಯಾಡ್ರಿ ಅಂತ ಡಂಗುರ ಹೊಡದಾರ” ಎಂದು ಇನ್ನೊಬ್ಬ. ಗಾಳಿಸುದ್ದಿ ಹಬ್ಬಿಸಬೇಡಿ ಎಂದು ಗದರಿಸಿ, ಫ್ರಾನ್ಸಿನ ಮೇಲೆ ಕಡ್ಡಿ ಇಡಿಸಿದೆ. ಬುಧವಾರ 14ನೇ ತಾರೀಖು. ಸ್ವಾತಂತ್ರ್ಯ ದಿನದ ಕವಾಯತಿನ ತಾಲೀಮಿಗೆ ಹೊತ್ತು ಸಾಲದೆ ಸುದ್ದಿಯನ್ನೇ ಕೈಬಿಟ್ಟೆವು. ಹೀಗೆ ತುಂಗಭದ್ರೆಯ ಗೇಟು ನನ್ನ ಶಾಲೆಯಲ್ಲಿ ಸುದ್ದಿಯಾಗಲೇ ಇಲ್ಲ. ‘ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕು’ ಎಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾತನ್ನು ತರಬೇತಿಯಲ್ಲಿ ಎಷ್ಟು ದುಂಡಗೆ ಬರೆದುಕೊಂಡಿದ್ದೆನೋ!

ಅದೇ ವಾರ ಅಣೆಕಟ್ಟೆಯಲ್ಲಿ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಸಲಹೆಯಂತೆ, ನೀರು ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಂಡಿ ಮುಚ್ಚಿದರು. ಐದು ತುಂಡು. ರಜೆ ಮುಗಿಸಿ ಶಾಲೆಗೆ ಬಂದರೆ ಅಂಗಳದಲ್ಲಿ ಮಕ್ಕಳು ಅದನ್ನೇ ಆಡುತ್ತಿದ್ದರು. ಎರೆಮಣ್ಣಿನ ಒಡ್ಡು ಕಟ್ಟಿ, ನಡುವೆ ಕಂಡಿ ಬಿಟ್ಟು, ಬೋರಿನ ನೀರು ಹಾಯಿಸಿ, ಒಡೆದ ಸ್ಲೇಟಿನ ಚೂರುಗಳನ್ನು ಇಳಿಸುತ್ತಿದ್ದರು. ಎರಡನೇ ಚೂರು ನೀರಿನ ರಭಸಕ್ಕೆ ನಿಲ್ಲುತ್ತಿರಲಿಲ್ಲ. ಒಬ್ಬ ಕೂಗುತ್ತಿದ್ದ: “ಲೇ, ನಾಯ್ಡು ಹಂಗ ಇಡಲಿಲ್ಲ, ಮ್ಯಾಲಿಂದ ಸೀದಾ ಬಿಡು!” ಮುಂಗಾರಿನ ಹಬ್ಬಗಳಲ್ಲಿ ಮಣ್ಣೆತ್ತು, ಗುಳ್ಳವ್ವ, ನಾಗಪ್ಪ ಎಂದು ಒಂದಾದ ಮೇಲೊಂದು ಮಣ್ಣಿನ ಮೂರ್ತಿ ಮಾಡಿ ಕೈ ಪಳಗಿದ ಮಕ್ಕಳು. ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿರಿಯುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು. ಹಬ್ಬ, ಸುದ್ದಿ, ಭೂಗೋಳ ಎಂದು ನಾನು ಬೇರೆ ಬೇರೆ ಪಿರಿಯಡ್ಡಿಗೆ ಹಂಚಿಟ್ಟಿದ್ದನ್ನು ಅವರು ಒಂದೇ ಒಡ್ಡಿನಲ್ಲಿ ಕಟ್ಟಿದ್ದರು.

ಅವತ್ತು ಪಾಠ ಬದಿಗಿಟ್ಟು ಅಂಗಳದಲ್ಲೇ ಕೂತೆ. ಸುಣ್ಣದ ಪುಡಿಯಲ್ಲಿ ನದಿ ಬರೆದೆವು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ, ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಸಂಗಮ, ಹರಿಹರ, ಹೊಸಪೇಟೆಯ ಡ್ಯಾಮು, ಹಂಪಿ, ಆನೆಗೊಂದಿ, ಕಂಪ್ಲಿ. ಎಡಕ್ಕೆ ನಮ್ಮ ಕಾಲುವೆ. ಆಗ ಬಂತು ನಾನು ಯಾವತ್ತೂ ಕೇಳದ ಪ್ರಶ್ನೆ: “ಸರ, ನಮ್ಮೂರಾಗ ಮಳಿನ ಇಲ್ಲ, ಡ್ಯಾಂ ಹ್ಯಾಂಗ ತುಂಬ್ತು?” ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ನಮ್ಮಲ್ಲಿ ಆರುನೂರರ ಆಸುಪಾಸು. ಘಟ್ಟ ಮೋಡವನ್ನು ತಡೆದು ಅಲ್ಲೇ ಸುರಿಸಿಕೊಳ್ಳುತ್ತದೆ, ನಾವು ಮಳೆ ನೆರಳಿನವರು. ಇನ್ನು ಕ್ಯುಸೆಕ್ ಎಂದರೇನು? ಸೆಕೆಂಡಿಗೆ 28 ಲೀಟರ್ ಚಿಲ್ಲರೆ, ಅಂದರೆ ಸುಮಾರು ಎರಡು ಕೊಡ. ಹಾಗಾದರೆ 35,000 ಕ್ಯುಸೆಕ್? ಹುಡುಗರು ಬೆರಳು ಮಡಚಿ ಲೆಕ್ಕ ಹಾಕಿ ಸುಮ್ಮನಾದರು. ಸೆಕೆಂಡಿಗೆ ಎಪ್ಪತ್ತು ಸಾವಿರ ಕೊಡ! ಮನೆಯಲ್ಲಿ ನೀರು ಹೊರುವ ಹುಡುಗಿಯರಿಗೆ ಆ ಸಂಖ್ಯೆಯ ಭಾರ ನಮಗಿಂತ ಬೇಗ ತಿಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಬೇಕಿರಲಿಲ್ಲ. ಹುರುಪು ಬಂದ ಮಾಸ್ತರನ ಕೈ ಕೋಷ್ಟಕಕ್ಕೆ ಹೋಗದೆ ಇರುತ್ತದೆಯೆ? ಮರುದಿನ ಕರಿಹಲಗೆಯ ಮೇಲೆ ಕಾಲಂ ಎಳೆದೆ. ಹೆಸರು, ಎಷ್ಟು ಎಕರೆ, ನಾಟಿ ಆಗಿದೆಯೇ, ನೀರು ನಿಂತರೆ ಎಷ್ಟು ನಷ್ಟ. ಒಬ್ಬೊಬ್ಬರೇ ಎದ್ದು ಹೇಳಬೇಕು. ಕ್ಯಾಂಪಿನ ಹುಡುಗ ಎದೆಯುಬ್ಬಿಸಿ “ಹನ್ನೆರಡು ಎಕರೆ” ಎಂದ. ಪ್ಯಾರಿಸ್ ಓದಿದ್ದ ಹುಡುಗಿಯ ಸರದಿ ಬಂತು. ಅವಳು “ಇಲ್ರಿ” ಎಂದಳು. ನಾನು ಸೊನ್ನೆ ಬರೆದು, “ಹಾಗಾದರೆ ನಿಮಗೇನೂ ನಷ್ಟ ಇಲ್ಲ ಬಿಡು” ಎಂದು ಮುಂದಿನವನಿಗೆ ಕೈ ತೋರಿಸಿದೆ. ಹಿಂದಿನಿಂದ ಒಬ್ಬಳು ಹೇಳಿದಳು: “ಸರ, ಅವರವ್ವಗ ವಾರದಿಂದ ಕೂಲಿ ಇಲ್ರಿ. ನಾಟಿ ನಿಂತಿತ್ತಲ್ರಿ.”

ನೀರು ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಗದ್ದೆಯವರು ನಾಟಿ ತಡೆಹಿಡಿದಿದ್ದರು. ಎಕರೆ ಇದ್ದವರಿಗೆ ಅದು ಮುಂದೆಂದೋ ಆಗಬಹುದಾದ ನಷ್ಟ. ಗುತ್ತಿಗೆಯ ಮೇಲೆ ನಾಟಿಗೆ ಹೋಗುವ ಮನೆಗೆ ಅವತ್ತಿನ ಸಂಜೆಯ ಒಲೆಯ ಪ್ರಶ್ನೆ. ಡ್ಯಾಮಿನ ಸುದ್ದಿ ಮೊದಲು ತಟ್ಟಿದ ಮನೆಯ ಮುಂದೆಯೇ ನಾನು ಸೊನ್ನೆ ಬರೆದಿದ್ದೆ, ಅದೂ ನಲವತ್ತು ಕಣ್ಣುಗಳ ಎದುರಿಗೆ. ಕರಿಹಲಗೆ ಒರೆಸಿದೆ. ಆ ಹುಡುಗಿಯ ಹತ್ತಿರ ಆಮೇಲೆ ಮಾತಾಡಿದೆ, ತಪ್ಪಾಯಿತವ್ವ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಆದರೆ ಆ ವರ್ಷವಿಡೀ ಸುದ್ದಿ ಓದಲು ಅವಳು ಕೈಯೆತ್ತಲಿಲ್ಲ.

ಈಗ ಸ್ವಲ್ಪ ಬೇರೆ ರೀತಿ ಮಾಡುತ್ತೇನೆ. ವಾರದ ಪಟ್ಟಿ ಹೋಯಿತು. ಪ್ರಾರ್ಥನೆಯಲ್ಲಿ ಮೊದಲು ಮಕ್ಕಳು ತಂದ ಮಾತು, ಆಮೇಲೆ ಪೇಪರು. ಕೇಳಿದ್ದು ನಿಜವೋ ಗಾಳಿಸುದ್ದಿಯೋ ಎಂದು ಪೇಪರಿನಲ್ಲಿ ಹುಡುಕುವುದೇ ಒಂದು ಕೆಲಸ. ಮನೆಯ ಕಷ್ಟವನ್ನು ಯಾರೂ ಎದ್ದು ನಿಂತು ಹೇಳಬೇಕಾಗಿಲ್ಲ. ‘ಊರಲ್ಲಿ ಯಾರ್‍ಯಾರಿಗೆ ಏನಾದೀತು’ ಎಂದು ಒಟ್ಟಾಗಿ ಯೋಚಿಸುತ್ತೇವೆ. ಕೂಲಿಯವರು, ಗೊಬ್ಬರದ ಅಂಗಡಿಯವರು, ಟ್ರ್ಯಾಕ್ಟರ್ ಬಾಡಿಗೆಯವರು, ರೈಸ್‌ಮಿಲ್ಲಿನ ಹಮಾಲರು ಎಲ್ಲರೂ ಆಗ ತಾವಾಗಿಯೇ ಬರುತ್ತಾರೆ.

ಹಬ್ಬದ ಟಿಪ್ಪಣಿ ಬರೆಸುವುದನ್ನೂ ಬಿಟ್ಟೆ. ಬದಲಿಗೆ ಹಬ್ಬದ ದಿನ ಹೊಲದಲ್ಲಿ ಏನಿದೆ, ಕಾಲುವೆಯಲ್ಲಿ ನೀರಿದೆಯೇ, ಯಾವ ಮಳೆ ನಡೆದಿದೆ, ಚಂದ್ರ ಎಷ್ಟಿದ್ದಾನೆ ಎಂದು ಮಕ್ಕಳೇ ಬರೆಯುತ್ತಾರೆ. ಪಂಚಮಿ ಯಾವಾಗಲೂ ಮಳೆಗಾಲದಲ್ಲೇ ಬರುತ್ತದೆ, ಅಲಾಯಿ ಹಬ್ಬ, ಅಂದರೆ ಮೊಹರಂ, ಮಾತ್ರ ವರ್ಷವರ್ಷ ಹಿಂದೆ ಸರಿಯುತ್ತದೆ, ಯಾಕೆ ಎಂಬ ಪ್ರಶ್ನೆ ಹೀಗೆ ಹುಟ್ಟಿತು. ಚಂದ್ರನ ವರ್ಷಕ್ಕೆ 354 ದಿನ, ಹನ್ನೊಂದು ದಿನ ಕಮ್ಮಿ. ಪಂಚಾಂಗದವರು ಅಧಿಕಮಾಸ ಹಾಕಿ ಸರಿದೂಗಿಸಿಕೊಳ್ಳುತ್ತಾರೆ, ಹಿಜರಿಯಲ್ಲಿ ಅದಿಲ್ಲ. ಧ್ವಜದ ಕಂಬದ ಮಧ್ಯಾಹ್ನದ ನೆರಳನ್ನೂ ಅಳೆದೆವು. ಡಿಸೆಂಬರ್ 22ರ ಹೊತ್ತಿಗೇ ಅದು ಮೋಟಾಗತೊಡಗಿದಾಗ ಒಬ್ಬ, “ಹಂಗಾರ ಉತ್ತರಾಯಣ ಸಂಕ್ರಾಂತಿಗಿಂತ ಮೊದಲ ಆತಲ್ರಿ?” ಎಂದ. ಹೌದು. ಸುಮಾರು 1,700 ವರ್ಷದ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ 72 ವರ್ಷಕ್ಕೆ ಸುಮಾರು ಒಂದು ದಿನದಂತೆ ಅವು ದೂರವಾಗಿವೆ.

ಎಲ್ಲವೂ ಸುಸೂತ್ರ ನಡೆಯಿತು ಎಂದಲ್ಲ. ಮಳೆ ಅಳೆಯಲು ಇಟ್ಟಿದ್ದ ಬಾಟಲಿಯನ್ನು ಯಾರೋ ಒದ್ದು ಒಡೆದರು, ಮಕ್ಕಳ ಹಬ್ಬದ ದಿನಚರಿ ದಸರಾ ರಜೆಯ ನಂತರ ಸೊರಗಿತು, ಪೋರ್ಷನ್ ಹಿಂದೆ ಬಿತ್ತು ಎಂದು ಬೈಸಿಕೊಂಡೆ.

2025ರಲ್ಲಿ ಜಲಾಶಯವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಯಿತು. ಎರಡನೇ ಬೆಳೆ ಇಲ್ಲವೆಂದರೆ ನಾಟಿಯಿಲ್ಲ, ಕೂಲಿಯವರು ಬೆಂಗಳೂರಿಗೆ ಗುಳೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಈ ಭಾಗದ ಮಾಸ್ತರರಲ್ಲಿ, ಟೀಚರಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಜನವರಿಯಲ್ಲಿ ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳಿಗೆ ‘ಗೈರು’ ಎಂದು ಬರೆದು ಮುಂದಕ್ಕೆ ಹೋಗಬೇಡಿ. ಅವರು ಎಲ್ಲಿಗೆ ಹೋದರು, ಯಾವ ದಾರಿಯಲ್ಲಿ ಹೋದರು, ಹತ್ತಿರದ ಶಾಲೆ ಯಾವುದು ಎಂದು ಉಳಿದ ಮಕ್ಕಳ ಜೊತೆ ಕೂತು ನಕಾಶೆಯಲ್ಲಿ ಹುಡುಕಿ, ಸಾಧ್ಯವಾದರೆ ಆ ಶಾಲೆಗೆ ಒಂದು ಫೋನು ಮಾಡಿ.