ಒಡೆಯರಪಾಳ್ಯದಲ್ಲಿ ಕಾಲ್ಚೆಂಡಿನ ಪಾಠ

ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರ್. ಬಸ್ಸಿನಲ್ಲಿ ಕುಳಿತವರ ಪೈಕಿ ಬಹುಮಂದಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟ ಭಕ್ತರು. ಅವರನ್ನು ಅವರ ದಾರಿಗೆ ಬಿಟ್ಟು ಲೊಕ್ಕನಹಳ್ಳಿಯ ಕಡೆ ಹೋದರೆ ನೋಟ ನಿಧಾನವಾಗಿ ಬದಲಾಗುತ್ತದೆ. ಜೋಳದ ಹೊಲ, ರಾಗಿ ಹೊಲ, ಅದರಾಚೆ ಕುರುಚಲು ಕಾಡು, ಕಾಡಿನಾಚೆ ತಮಿಳುನಾಡಿನ ಗಡಿ. ಇದ್ದಕ್ಕಿದ್ದಂತೆ ಮನೆಗಳ ಮೇಲೆ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳು ಹಾರಾಡತೊಡಗುತ್ತವೆ, ಕೆಂಪು ನಿಲುವಂಗಿಯ ಭಿಕ್ಷುಗಳು ರಸ್ತೆಯ ಬದಿಯಲ್ಲಿ ನಡೆದುಹೋಗುತ್ತಾರೆ. ಇದೇ ಒಡೆಯರಪಾಳ್ಯ.

ಟಿಬೆಟನ್ನರು ತಮ್ಮ ಈ ನೆಲೆಗೆ ಇಟ್ಟುಕೊಂಡಿರುವ ಹೆಸರು ಧೊಂಡೆನ್‌ಲಿಂಗ್. ಬೈಲುಕುಪ್ಪೆ, ಮುಂಡಗೋಡು, ಹುಣಸೂರು ಬಳಿಯ ಗುರುಪುರಗಳ ನಂತರ, 1974ರಲ್ಲಿ, ಕರ್ನಾಟಕದಲ್ಲಿ ನಿರಾಶ್ರಿತ ಟಿಬೆಟನ್ನರಿಗಾಗಿ ಎದ್ದ ಊರಿದು. ಇಲ್ಲಿನ ಹಳ್ಳಿಗಳಿಗೆ ಇಂಗ್ಲಿಷ್ ಅಕ್ಷರಗಳೇ ಹೆಸರು: ಎ ವಿಲೇಜ್, ಬಿ ವಿಲೇಜ್ ಹೀಗೆ. ಕಾಡು ಕಡಿದು, ಆನೆಗಳ ಕಾಟ ಸಹಿಸಿ, ಹಿಮದ ನಾಡಿನ ಜನ ಮಳೆ ನಂಬಿದ ಬೇಸಾಯ ಕಲಿತರು. ಬೆಳೆ ಮುಗಿದು ಚಳಿಗಾಲ ಬಂದರೆ ಅನೇಕರು ಸ್ವೆಟರ್ ಮಾರಲು ನಗರಗಳಿಗೆ ಹೊರಡುತ್ತಾರೆ. ಜೋಗ್‌ಚೆನ್ ಮಠವೂ ಇಲ್ಲಿದೆ. ಪ್ರವಾಸಿಗರು ಬರುವುದು ಸಾಮಾನ್ಯವಾಗಿ ಅದನ್ನು ನೋಡಲು. ನೋಡಿ, ಫೋಟೊ ತೆಗೆದುಕೊಂಡು, ಮೊಮೊ ತಿಂದು ಹೊರಟುಬಿಡುತ್ತಾರೆ. ಈ ಜನರ ಇನ್ನೊಂದು ಶ್ರದ್ಧೆ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಅದು ಫುಟ್‌ಬಾಲ್.

ಸುತ್ತಲ ಊರುಗಳಲ್ಲಿ ಮೂರು ಕೋಲು ನೆಟ್ಟರೆ ಕ್ರಿಕೆಟ್, ಗೆರೆ ಎಳೆದರೆ ಕಬಡ್ಡಿ. ಟಿಬೆಟನ್ನರಿಗೆ ಮಾತ್ರ ಕಾಲ್ಚೆಂಡೇ ಮೊದಲು. ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅದೇ ವರ್ಷ ಆರಂಭವಾದ ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಚಿನ್ನದ ಕಪ್ ಪಂದ್ಯಾವಳಿಗೆ ಭಾರತದ ಬೇರೆ ಬೇರೆ ಟಿಬೆಟನ್ ನೆಲೆಗಳ ತಂಡಗಳು ಬರುತ್ತವೆ. ಕಪ್ ಗೆದ್ದರೆ ಆ ನೆಲೆಗೆ ಅದು ಊರಹಬ್ಬ. ಭಿಕ್ಷುಗಳೂ ಈ ಹುಚ್ಚಿಗೆ ಹೊರತಲ್ಲ. ಖ್ಯೆನ್ಸೆ ನೋರ್ಬು 1999ರಲ್ಲಿ ತೆಗೆದ ‘ದಿ ಕಪ್’ ಚಿತ್ರದ ಕತೆ, ಹಿಂದಿನ ವರ್ಷದ ವಿಶ್ವಕಪ್ ನೋಡಲು ಪುಟ್ಟ ಭಿಕ್ಷುಗಳು ಮಠಕ್ಕೆ ಟಿ.ವಿ. ತರಿಸುವ ಸಾಹಸದ್ದೇ. ಮಕ್ಕಳ ಜೊತೆ ಕುಳಿತು ನೋಡಬಹುದಾದ ಚಿತ್ರ.

ಟಿಬೆಟ್ ಫಿಫಾದ ಸದಸ್ಯ ಅಲ್ಲ. ಆದ್ದರಿಂದ ವಿಶ್ವಕಪ್ಪಿನ ಬಾಗಿಲು ಅದಕ್ಕೆ ಮುಚ್ಚಿದೆ. ಹಾಗಿದ್ದೂ 2001ರ ಜೂನ್ 30ರಂದು ಅದರ ತಂಡ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಕಣಕ್ಕಿಳಿಯಿತು. ಚೀನಾದ ಆಕ್ಷೇಪದ ನಡುವೆಯೇ ಆಟ ನಡೆಯಿತು. ಟಿಬೆಟ್ 4-1ರಿಂದ ಸೋತಿತು. ಸೋಲನ್ನು ಯಾರೂ ದೊಡ್ಡದು ಮಾಡಲಿಲ್ಲ. ತಮ್ಮದೆಂಬ ಅಂಗಿ ತೊಟ್ಟು ಹನ್ನೊಂದು ಮಂದಿ ಮೈದಾನದಲ್ಲಿ ನಿಂತರಲ್ಲ, ಅಷ್ಟೇ ಸಾಕಾಗಿತ್ತು.

ಇಂಥ ಆಟವನ್ನು ಕಲಿಯಲು ಬೇಕಾಗುವುದೇನು? ಮೊದಲು ಒಂದು ಚೆಂಡು. ದೊಡ್ಡವರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಅಂಗಡಿಯಲ್ಲಿ ಇದನ್ನು ಐದನೇ ಸೈಜು ಎನ್ನುತ್ತಾರೆ. ಎಂಟರಿಂದ ಹನ್ನೆರಡು ವರ್ಷದವರಿಗೆ ನಾಲ್ಕನೇ ಸೈಜು ಸಾಕು. ‘ಬೆಳೆಯುವ ಹುಡುಗ, ದೊಡ್ಡದೇ ಇರಲಿ’ ಎಂದು ಅಂಗಿ ಕೊಳ್ಳುವ ಹಾಗೆ ಚೆಂಡು ಕೊಳ್ಳಬಾರದು. ಭಾರದ ಚೆಂಡು ಒದ್ದು ಒದ್ದು ಕಾಲು ನೋಯಿಸಿಕೊಂಡ ಮಗು ಮರುದಿನ ಮೈದಾನಕ್ಕೆ ಬರುವುದಿಲ್ಲ.

ಹೊಸಬರೆಲ್ಲ ಮಾಡುವ ಕೆಲಸ ಒಂದೇ: ಹೆಬ್ಬೆರಳ ತುದಿಯಿಂದ ಒದೆಯುವುದು. ಚೆಂಡು ಜೋರಾಗಿಯೇ ಹೋಗುತ್ತದೆ, ಆದರೆ ಎಲ್ಲಿಗೆ ಎಂಬುದು ಒದ್ದವನಿಗೂ ತಿಳಿಯದು. ಮೊದಲ ಪಾಠ ಪಾದದ ಒಳಮೈಯದು. ಒದೆಯದ ಕಾಲನ್ನು ಚೆಂಡಿನ ಪಕ್ಕದಲ್ಲಿ, ಚೆಂಡು ಹೋಗಬೇಕಾದ ದಿಕ್ಕಿಗೇ ಮುಖಮಾಡಿ ಊರಬೇಕು. ಒದೆಯುವ ಕಾಲಿನ ಪಾದವನ್ನು ಹೊರಕ್ಕೆ ತಿರುಗಿಸಿ, ಪಾದದ ಕೀಲು ಗಟ್ಟಿಮಾಡಿ, ಒಳಮೈಯಿಂದ ಚೆಂಡಿನ ನಡುವನ್ನು ತಳ್ಳಬೇಕು. ಜೊತೆಗಾರನಿಲ್ಲದಿದ್ದರೆ ಮನೆಯ ಹಿಂದಿನ ಗೋಡೆಯೇ ಜೊತೆಗಾರ. ದಿನಕ್ಕೆ ಇನ್ನೂರು ಸಲ ಕೇಳಿದರೂ ಬೇಸರವಿಲ್ಲದೆ ಚೆಂಡನ್ನು ಹಿಂದಿರುಗಿಸುತ್ತದೆ. ಬಂದ ಚೆಂಡನ್ನು ನಿಲ್ಲಿಸುವುದು ಇನ್ನೂ ಸೂಕ್ಷ್ಮ. ಕಾಲನ್ನು ಮರದ ಹಲಗೆಯಂತೆ ಬಿಗಿಹಿಡಿದರೆ ಚೆಂಡು ಪುಟಿದು ದೂರ ಹೋಗುತ್ತದೆ. ತಾಗುವ ಕ್ಷಣಕ್ಕೆ ಕಾಲನ್ನು ತುಸು ಹಿಂದಕ್ಕೆ ಎಳೆದುಕೊಂಡರೆ, ಮೇಲಿಂದ ಬಿದ್ದ ಮೊಟ್ಟೆಯನ್ನು ಸೆರಗಿನಲ್ಲಿ ಹಿಡಿದಂತೆ, ಅದು ಅಲ್ಲೇ ಕೂರುತ್ತದೆ. ಚೆಂಡನ್ನು ಓಡಿಸುತ್ತ ಒಯ್ಯುವ ಡ್ರಿಬ್ಲಿಂಗ್‌ಗೆ ನಾಲ್ಕಾರು ಕಲ್ಲುಗಳನ್ನು ಸಾಲಾಗಿಟ್ಟು ನಡುನಡುವೆ ನುಸುಳುವ ಅಭ್ಯಾಸವಿದೆ. ಎರಡೂ ಕಾಲಿನಿಂದ ಮಾಡಬೇಕು. ತಲೆ ಎತ್ತಿ ಮಾಡಬೇಕು. ಗೋಲಿಗೆ ಬಲವಾಗಿ ಹೊಡೆಯುವುದು ಷೂ ಲೇಸ್ ಕಟ್ಟುವ ಜಾಗದಿಂದ. ಅದು ಕೊನೆಗೆ ಕಲಿಸಬೇಕಾದ ಪಾಠ, ಮಕ್ಕಳಾದರೋ ಅದನ್ನೇ ಮೊದಲು ಕೇಳುತ್ತಾರೆ!

ತಲೆಯಿಂದ ಹೊಡೆಯುವ ಬಗ್ಗೆ ಪೋಷಕರು ತಿಳಿದಿರಬೇಕಾದ ಮಾತೊಂದಿದೆ. ಮಿದುಳಿಗೆ ಪೆಟ್ಟಾಗುವ ಆತಂಕದಿಂದ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ ಹತ್ತು ವರ್ಷ ಹಾಗೂ ಅದಕ್ಕಿಂತ ಕಿರಿಯರಿಗೆ ‘ಹೆಡಿಂಗ್’ ಬೇಡವೆಂದಿತು. 2020ರಲ್ಲಿ ಇಂಗ್ಲೆಂಡಿನಲ್ಲೂ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಲ್ಲಿ ಅದು ಬೇಡವೆಂಬ ಮಾರ್ಗಸೂಚಿ ಬಂತು. ನಮ್ಮ ಶಾಲಾ ಮೈದಾನಗಳಲ್ಲೂ ಅದನ್ನು ಪಾಲಿಸಿದರೆ ಆಟಕ್ಕೇನೂ ನಷ್ಟವಿಲ್ಲ.

ಇನ್ನು ನಿಯಮಗಳು. ಇಡೀ ಆಟದ ಕಾನೂನು ಹದಿನೇಳೇ ಕಟ್ಟಳೆಗಳಲ್ಲಿ ಮುಗಿಯುತ್ತದೆ. ತಲಾ 45 ನಿಮಿಷದ ಎರಡು ಅವಧಿ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಚೆಂಡು ಪೂರ್ತಿಯಾಗಿ ಗೆರೆ ದಾಟಿದರಷ್ಟೇ ಗೋಲು. ಗೆರೆಯ ಮೇಲೆ ಕೂದಲೆಳೆಯಷ್ಟು ಉಳಿದಿದ್ದರೂ ಇಲ್ಲ. ಪಕ್ಕದ ಗೆರೆ ದಾಟಿದ ಚೆಂಡನ್ನು ಒಳಕ್ಕೆಸೆಯುವಾಗ ಎರಡೂ ಪಾದ ನೆಲದ ಮೇಲಿರಬೇಕು, ಚೆಂಡು ಎರಡೂ ಕೈಯಿಂದ, ತಲೆಯ ಹಿಂದಿನಿಂದ ತಲೆಯ ಮೇಲೆ ಹಾದು ಬರಬೇಕು. ಗೋಲಿ ಬಿಟ್ಟು ಬೇರೆ ಯಾರೂ ಬೇಕೆಂದು ಕೈಯಿಂದ ಮುಟ್ಟುವಂತಿಲ್ಲ. ತಮ್ಮ ಪೆನಾಲ್ಟಿ ಆವರಣದೊಳಗೆ ಹಾಗೆ ಮುಟ್ಟಿದರೆ 11 ಮೀಟರ್ ದೂರದಿಂದ ಎದುರಾಳಿಗೆ ಪೆನಾಲ್ಟಿ ಒದೆತ.

ಮಕ್ಕಳನ್ನೂ ಅಪ್ಪಂದಿರನ್ನೂ ಸಮನಾಗಿ ಗೊಂದಲಕ್ಕೆ ಕೆಡವುವುದು ಆಫ್‌ಸೈಡ್. ಚಿಕ್ಕಲ್ಲೂರಿನ ಜಾತ್ರೆಯ ಪಂಕ್ತಿಯನ್ನು ಕಂಡವರಿಗೆ ಇದು ಸುಲಭ. ಊಟಕ್ಕೆ ಕರೆಯುವ ಮೊದಲೇ ಒಬ್ಬ ಹೋಗಿ ಅನ್ನದ ಕೊಪ್ಪರಿಗೆಯ ಪಕ್ಕ ಕೂತರೆ ಉಳಿದವರು ಸುಮ್ಮನಿರುತ್ತಾರೆಯೇ? ಹಾಗೆಯೇ, ತನ್ನವನು ಚೆಂಡು ಒದ್ದ ಆ ಕ್ಷಣದಲ್ಲಿ ಆಟಗಾರ ಎದುರಾಳಿಯ ಅರ್ಧಭಾಗದಲ್ಲಿದ್ದು, ಚೆಂಡಿಗಿಂತಲೂ ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಜಾಗ. ಸಮಸಮ ಇದ್ದರೆ ತಪ್ಪಿಲ್ಲ. ಸುಮ್ಮನೆ ನಿಂತಿದ್ದರೂ ತಪ್ಪಿಲ್ಲ. ಆಟದಲ್ಲಿ ಕೈಹಾಕಿದಾಗ, ಅಂದರೆ ಕಾಲು ಹಾಕಿದಾಗ, ಮಾತ್ರ ಸೀಟಿ. ಗೋಲ್ ಕಿಕ್, ಕಾರ್ನರ್, ಥ್ರೋಗಳಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮ ಅನ್ವಯಿಸದು.

ಹಿಂದೆ ಆಡಿದ ಅಪ್ಪಂದಿರು ಪಾಠ ಹೇಳುವ ಮುನ್ನ ಒಮ್ಮೆ ತಡೆಯಬೇಕು. 1992ರಿಂದ, ತನ್ನವನೇ ಬೇಕೆಂದು ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಹಿಡಿಯುವಂತಿಲ್ಲ. 2025ರಿಂದ, ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡನ್ನು ತಬ್ಬಿಕೊಂಡು ನಿಂತರೆ ಎದುರಾಳಿಗೆ ಕಾರ್ನರ್.

‘ಬೂಟು ಕೊಡಿಸಿದರಷ್ಟೇ ಆಡುತ್ತೇನೆ’ ಎಂದು ಹಟ ಹಿಡಿಯುವವರಿಗೆ ಹೇಳಲು ಒಂದು ಕತೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನೆದುರು ಭಾರತದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಬೆಂಗಳೂರಿನ ರಾಮನ್ ಅವರದು. ಆದರೆ ಕತೆ ಅಲ್ಲಿಗೆ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಿಂದ ಬಡಿಯಿತು. ಆಮೇಲೆ ಬೂಟು ಕಡ್ಡಾಯವಾಯಿತು. ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದ್ದ ಸಂತೋಷ್ ಟ್ರೋಫಿ ಮತ್ತೆ ಕನ್ನಡಿಗರ ಕೈಸೇರಲು 54 ವರ್ಷ ಹಿಡಿಯಿತು. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಮಣಿಸಿತು.

ಕೊಳ್ಳೇಗಾಲ ಸೀಮೆಯಲ್ಲಿ ಆಟಕ್ಕೆ ಜಾಗದ ಕೊರತೆಯಂತೂ ಇಲ್ಲ. ಯಳಂದೂರಿನ ಬಯಲಲ್ಲಿ ಸುವರ್ಣಾವತಿ ದಂಡೆಯ ಗದ್ದೆಗಳು ಕೊಯ್ಲಾದ ಮೇಲೆ ಬರಿದಾಗುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಕೆಲಸ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಸೋಲಿಗರ ಮಕ್ಕಳು ಓದುತ್ತಾರೆ. ಬೆಟ್ಟ ಹತ್ತಿಳಿದ ಕಾಲುಗಳಿಗೆ ಈ ಆಟ ಒಗ್ಗದೇ ಇರುತ್ತದೆಯೇ? ಹೆಣ್ಣುಮಕ್ಕಳಿಗೆ ಬೇಡ ಎನ್ನುವವರು ಟಿಬೆಟನ್ ಹುಡುಗಿಯರನ್ನು ನೆನೆಯಬೇಕು. 2017ರಲ್ಲಿ ಡಲ್ಲಾಸ್‌ನ ಪಂದ್ಯಾವಳಿಗೆ ಹೊರಟ ಅವರ ತಂಡಕ್ಕೆ ಅಮೆರಿಕದ ವೀಸಾ ಸಿಗಲಿಲ್ಲ. ಮರುವರ್ಷ ಲಂಡನ್‌ನಲ್ಲಿ ಟಿಬೆಟಿನ ಗಂಡಸರ ತಂಡ, ಫಿಫಾ ಒಪ್ಪದ ನಾಡುಗಳ ವಿಶ್ವಕಪ್ಪಿನಲ್ಲಿ ಆಡಿತು.

ಒಡೆಯರಪಾಳ್ಯಕ್ಕೀಗ ಬೇರೆಯೇ ಚಿಂತೆ. ಟಿಬೆಟನ್ ಯುವಕರು ಪಾಶ್ಚಾತ್ಯ ದೇಶಗಳ ದಾರಿ ಹಿಡಿಯುತ್ತಿದ್ದಾರೆ, ಅವರ ನೆಲೆಗಳ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ನಿಯಮದ ಪ್ರಕಾರ ಒಂದು ಕಡೆ ಏಳಕ್ಕಿಂತ ಕಡಿಮೆ ಮಂದಿಯಿದ್ದರೆ ಪಂದ್ಯ ಶುರುವಾಗುವಂತಿಲ್ಲ. ಲೊಕ್ಕನಹಳ್ಳಿಯ ಕಡೆಯ ಹುಡುಗರು ನಾಲ್ಕು ಹೆಜ್ಜೆ ಹಾಕಿದರೆ ಆ ಲೆಕ್ಕ ಸರಿಹೋದೀತು. ಚೆಂಡು ಕೇಳಲು ಟಿಬೆಟನ್ ಭಾಷೆಯೂ ಬೇಕಾಗಿಲ್ಲ, ಕೈ ಎತ್ತಿದರೆ ಸಾಕು.

ನೋಡಹೋಗುವವರು ಚಳಿಗಾಲವನ್ನು ಬಿಡುವುದು ಮೇಲು. ಆಗ ಸ್ವೆಟರ್ ವ್ಯಾಪಾರಕ್ಕೆ ಹೋದವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಆನೆಗಳ ಓಡಾಟವಿರುವ ದಾರಿಯಾದ್ದರಿಂದ ಕತ್ತಲಾಗುವ ಮುನ್ನ ಹನೂರಿಗೆ ಮರಳುವಂತೆ ಹೊರಡಬೇಕು.