ಕಡತದ ಇಂಗ್ಲಿಷ್

ನನ್ನ ಇಂಗ್ಲಿಷಿನ ಗುರುಕುಲ ಹಾಸನದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್. ನಕಲು ಹೊಡೆಯಲು ಕೊಡುತ್ತಿದ್ದ ಮಾದರಿ ಪತ್ರಗಳಲ್ಲಿ ಯಾರೂ ಏನನ್ನೂ ಸುಮ್ಮನೆ ಹೇಳುತ್ತಿರಲಿಲ್ಲ, ‘ಇಂಟಿಮೇಟ್’ ಮಾಡುತ್ತಿದ್ದರು. ಕೆಲಸಗಳೆಲ್ಲ ‘ಕಮೆನ್ಸ್’ ಆಗುತ್ತಿದ್ದವು. ಕೊನೆಗೆ ‘ಕೈಂಡ್ಲಿ ಡು ದ ನೀಡ್‌ಫುಲ್’. ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದು ಓದಿದವರ ಪುಣ್ಯಕ್ಕೆ ಬಿಟ್ಟದ್ದು.

ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ಇಂಗ್ಲೆಂಡಿನ ಲೀಡ್ಸ್ ಕಚೇರಿಯವರ ಜೊತೆ ಫೋನಿನಲ್ಲಿ ಮಾತಾಡುವುದೇ ದಿನಚರಿಯಾಯಿತು. ಅಲ್ಲಿದ್ದ ಹಿರಿಯ ಸಹೋದ್ಯೋಗಿಯ ಬಾಯಲ್ಲಿ ನಮ್ಮ ಭಾರಿ ಕ್ರಿಯಾಪದಗಳು ಒಂದೂ ಇರಲಿಲ್ಲ. ಸಭೆ ‘ಪುಟ್ ಆಫ್’ ಆಗುತ್ತಿತ್ತು, ತಕರಾರು ‘ಸಾರ್ಟ್ ಔಟ್’ ಆಗುತ್ತಿತ್ತು, ಆಕೆ ನಾಳೆ ‘ಗೆಟ್ ಬ್ಯಾಕ್’ ಮಾಡುತ್ತಿದ್ದರು. ನಮ್ಮ ಹುಡುಗರು ‘ರಿವರ್ಟ್ ಮಾಡ್ತೀವಿ’ ಎಂದರೆ, ಇವರೆಲ್ಲ ಯಾವ ಹಳೆಯ ಸ್ಥಿತಿಗೆ ಮರಳುತ್ತಾರೋ ಎಂದು ನಗುತ್ತಿದ್ದರು.

ಭಾರಿ ಪದ, ಸರಳ ಪದ ಎಂಬ ಈ ಭೇದದ ಬೇರು ಹಳೆಯದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದರಬಾರಿನಲ್ಲೂ ನ್ಯಾಯಸ್ಥಾನದಲ್ಲೂ ಫ್ರೆಂಚ್, ಲ್ಯಾಟಿನ್ ಕೂತವು. ಇಂಗ್ಲಿಷ್ ಹೊಲದಲ್ಲಿ, ಒಲೆಯ ಮುಂದೆ ಉಳಿಯಿತು. ಮನೆಮಗನಂಥ ‘ಬಿಗಿನ್’ ಇದ್ದರೂ ಫ್ರೆಂಚಿನಿಂದ ಬಂದ ‘ಕಮೆನ್ಸ್’ ಸಾಹೇಬನಾಯಿತು. 1362ರಲ್ಲಿ, ಕೋರ್ಟಿನ ವಾದ ಇನ್ನು ಇಂಗ್ಲಿಷಿನಲ್ಲೇ ನಡೆಯಲಿ ಎಂಬ ಕಾನೂನು ಬಂತು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ನಗುವ ಹಕ್ಕು ನಮಗೇನೂ ಇಲ್ಲ. ನಮ್ಮ ತಾಲ್ಲೂಕು ಕಚೇರಿಯ ಮಂಜೂರು, ಜಾರಿ, ವಜಾಗಳು ಪಾರ್ಸಿಯ ದಾರಿಯಲ್ಲಿ ಬಂದು ಕುರ್ಚಿ ಹಿಡಿದವು.

ಇಂಗ್ಲಿಷರ ಕಡತಕ್ಕೂ ಈ ಕಾಯಿಲೆ ಇದೆ. ಅದಕ್ಕೆ ಮದ್ದು ಬರೆಯಿರಿ ಎಂದು ಅಲ್ಲಿನ ಖಜಾನೆ ಇಲಾಖೆಯೇ ಕೇಳಿಕೊಂಡಾಗ ಸರ್ ಅರ್ನೆಸ್ಟ್ ಗವರ್ಸ್ ಅಧಿಕಾರಿಗಳಿಗಾಗಿ ‘ಪ್ಲೇನ್ ವರ್ಡ್ಸ್’ ಬರೆದರು, 1948ರಲ್ಲಿ. 1979ರಲ್ಲಿ ಕ್ರಿಸ್ಸಿ ಮಾಹರ್ ಎಂಬಾಕೆ, ಅರ್ಥವಾಗದ ಸರ್ಕಾರಿ ಫಾರಂಗಳನ್ನು ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲೇ ಚೂರುಚೂರು ಮಾಡಿ ಸರಳ ಇಂಗ್ಲಿಷಿನ ಚಳವಳಿ ಹೂಡಿದರು.

ಒಮ್ಮೆ ಲೀಡ್ಸ್‌ನಲ್ಲಿ ಕೆಲವರನ್ನು ಕೆಲಸದಿಂದ ತೆಗೆದರು. ಬಂದ ಸುತ್ತೋಲೆಯ ತುಂಬ ‘ಟರ್ಮಿನೇಟ್’, ‘ಇಂಪ್ಲಿಮೆಂಟ್’, ‘ಫೆಸಿಲಿಟೇಟ್’. ತೆಗೆದವರು ಯಾರು ಎಂದು ಎಷ್ಟು ಹುಡುಕಿದರೂ ಸಿಗದು. ಆ ಸಹೋದ್ಯೋಗಿ ಫೋನಿನಲ್ಲಿ, ‘ಅವರು ನಮ್ಮನ್ನು ಸ್ಯಾಕ್ ಮಾಡಿದರು’ ಎಂದರು. ಅಷ್ಟೇ. ಕರ್ತೃ, ಕರ್ಮ ಎಲ್ಲ ಇದ್ದವು. ಅಲ್ಲಿ ದೊಡ್ಡ ಪದ ಹೊರಬರುವುದು ಕೈ ತೊಳೆದುಕೊಳ್ಳುವಾಗ. ನಾವೋ, ಟೀ ತರಿಸುವುದಕ್ಕೂ ಅದನ್ನೇ ಬಳಸುತ್ತೇವೆ.

ಹಾಗೆಂದು ಎಲ್ಲವನ್ನೂ ಬಿಟ್ಟುಕೊಡಬೇಕಿಲ್ಲ. ಸಭೆಯನ್ನು ಮೊದಲೇ ನಡೆಸಲು ಅವರು ‘ಬ್ರಿಂಗ್ ಫಾರ್ವರ್ಡ್’ ಎಂದು ಎರಡು ಪದ ಖರ್ಚು ಮಾಡುತ್ತಾರೆ. ನಮ್ಮ ‘ಪ್ರಿಪೋನ್’ ಅದನ್ನು ಒಂದರಲ್ಲೇ ಮುಗಿಸುತ್ತದೆ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ಯಾರು ಹುಬ್ಬೇರಿಸಿದರೂ ಧಾರಾಳವಾಗಿ ಬಳಸಿ.