ಮೂರು ಕನ್ನಡಿಗಳು

ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಅಮರಕೋಶವನ್ನು ಉರುಹೊಡೆಯುತ್ತಿದ್ದಾಗ ದರ್ಪಣ, ಮುಕುರ, ಆದರ್ಶ ಎಂಬ ಕನ್ನಡಿಯ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಮುಂದಕ್ಕೆ ಸಾಗುತ್ತಿದ್ದೆವು. ದರ್ಪವನ್ನುಂಟುಮಾಡುವುದರಿಂದ ದರ್ಪಣವೆಂದು ಗುರುಗಳು ವ್ಯುತ್ಪತ್ತಿಯನ್ನು ಹೇಳಿಕೊಟ್ಟಿದ್ದರು. ಕನ್ನಡಿಯ ಹೆಸರಾದ ಆದರ್ಶ ಶಬ್ದಕ್ಕೇ ನಾವು ‘ಅನುಸರಿಸತಕ್ಕ ಮೇಲ್ಪಂಕ್ತಿ’ ಎಂಬ ಅರ್ಥವನ್ನೂ ಕೊಟ್ಟುಕೊಂಡಿರುವುದರಲ್ಲಿ ಎಂತಹ ಅಪಾಯವಿದೆಯೆಂಬುದು ನನಗೆ ಹೊಳೆದದ್ದು ಮಾತ್ರ ಅರುವತ್ತೆಂಟನೆಯ ವಯಸ್ಸಿನಲ್ಲಿ. ಅದೂ ನನ್ನ ಮಗಳ ಮಗಳಿಂದ.

ನಮ್ಮ ಮಾರ್ಟಳ್ಳಿಯು ಹನೂರು ತಾಲ್ಲೂಕಿನ ಕಾಡಂಚಿನ ಊರು. ಕನ್ನಡ ತಮಿಳುಗಳೆರಡೂ ಇಲ್ಲಿಯ ಮನೆಮಾತುಗಳು. ಪಟ್ಟಣಕ್ಕೆ ದೂರವೇ ಸರಿ. ಆದರೆ ಕೈಯೊಳಗಿನ ಫೋನಿಗೆ ಯಾವ ಊರೂ ದೂರವಲ್ಲವಷ್ಟೆ. ಮೈಸೂರಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡುತ್ತಿರುವ ಹುಡುಗಿಯು ಬೇಸಗೆಯ ರಜಕ್ಕೆ ಬಂದವಳು, ನಮ್ಮ ಪಡಸಾಲೆಯನ್ನು ಮೂರು ದಿನದ ಮಟ್ಟಿಗೆ ಬಿಟ್ಟುಕೊಡಬೇಕೆಂದು ಕೇಳಿದಳು.

“ನೋಡುವವರು ನೋಡಿ ಹೋಗುವ ಚಿತ್ರವಲ್ಲ, ತಾತ. ಅವರೂ ಕೈಹಾಕಿದರೇನೇ ಇದು ಪೂರ್ತಿಯಾಗುವುದು” ಎಂದಳು. ನಾನು ಒಪ್ಪಿದೆನು.

ಅವಳು ಅಲ್ಲಿ ಮೂರು ಕನ್ನಡಿಗಳನ್ನು ನಿಲ್ಲಿಸಿದಳು. ಮೊದಲನೆಯದು ನನ್ನ ತಾಯಿಯ ಕಾಲದ ಮರದ ಚೌಕಟ್ಟಿನ ಕನ್ನಡಿ. ಎರಡನೆಯದು ಒಂದು ಫೋನು. ಅದರೊಳಗೆ ಇಣಿಕಿದವರ ಮುಖದ ಸುಕ್ಕು ಮಾಯವಾಗಿ, ಬಣ್ಣವು ತಿಳಿಯಾಗಿ, ಕಣ್ಣು ಅರಳಿ ಕಾಣುತ್ತಿದ್ದಿತು. ಎರಡರ ಮುಂದೆಯೂ ಒಂದೊಂದು ಬಟ್ಟಲು. ತಮಗೆ ಹಿತವಾದ ಮುಖದ ಮುಂದಣ ಬಟ್ಟಲಿಗೆ ಬಂದವರು ಒಂದು ಹುಣಿಸೆಯ ಬೀಜವನ್ನು ಹಾಕಬೇಕು. ಮೂರನೆಯದು ಗಾಜಿಲ್ಲದ ಬರಿಯ ಚೌಕಟ್ಟು. ಅದಕ್ಕೆ ದಾರಗಳನ್ನು ಕಟ್ಟಿತ್ತು. ತಮ್ಮ ರೂಪದ ವಿಷಯವಾಗಿ ತಾವು ಕೇಳಿದ ಮರೆಯಲಾರದ ಮಾತೊಂದನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕದೆ ಅಲ್ಲಿ ತೂಗಹಾಕಬೇಕು. ಬಳಿಕ ಬೇರೊಬ್ಬರ ಚೀಟಿಯೊಂದನ್ನು ಓದಬೇಕು.

ಬೀಜವೇಕೆಂದು ಕೇಳಿದೆ. ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಬಂದ ಮೆಚ್ಚುಗೆಯ ಗುಂಡಿಯ ಪ್ರತಿನಿಧಿ ಅದೆಂದು ಹೇಳಿದಳು. ಇನ್‌ಸ್ಟಾಗ್ರಾಮಿನವರು 2021ರಲ್ಲಿ ಆ ಎಣಿಕೆಯನ್ನು ಮರೆಮಾಡುವ ಅವಕಾಶವನ್ನು ಎಲ್ಲರಿಗೂ ಕೊಟ್ಟರಂತೆ. ಅದೇ ವರ್ಷ ಆ ಸಂಸ್ಥೆಯ ಒಳಗಿನ ಕಾಗದಗಳು ಹೊರಬಿದ್ದು, ತಮ್ಮ ಮೈಕಟ್ಟಿನ ವಿಷಯದಲ್ಲಿ ಕುಗ್ಗಿದಾಗ ಇನ್‌ಸ್ಟಾಗ್ರಾಮು ಆ ದುಃಖವನ್ನು ಹೆಚ್ಚಿಸಿತೆಂದು ಹದಿಹರೆಯದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ ಹೇಳಿದ್ದ ಸಂಗತಿಯು ಬಯಲಾಯಿತಂತೆ. “ಎಲ್ಲವೂ ಆ ಯಂತ್ರದ ದೋಷ” ಎಂದು ನಾನು ತೀರ್ಪು ಕೊಟ್ಟೆ. ಅವಳು ಉತ್ತರ ಹೇಳಲಿಲ್ಲ.

ನೆರೆಹೊರೆಯವರು ಬಂದರು, ನಕ್ಕರು, ಬೀಜ ಹಾಕಿದರು. ಫೋನಿನ ಮುಂದಣ ಬಟ್ಟಲೇ ಮೊದಲು ತುಂಬಿತು. ವಾಚಕರಲ್ಲಿ ಮುಚ್ಚುಮರೆಯೇಕೆ? ಇಪ್ಪತ್ತು ವರ್ಷ ಕಿರಿಯನಾಗಿ ಕಂಡ ಈ ಮುದುಕನೂ ತನ್ನ ಬೀಜವನ್ನು ಅಲ್ಲಿಯೇ ಹಾಕಿದನು.

ಬಳಿಕ ಮೂರನೆಯ ಚೌಕಟ್ಟಿನ ಬಳಿಗೆ ಹೋಗಿ ಕೈಗೆ ಸಿಕ್ಕಿದ ಚೀಟಿಯನ್ನು ಓದಿದೆ. “ಕಪ್ಪಾದರೇನು, ಲಕ್ಷಣವಾಗಿದ್ದಾಳೆ” ಎಂದಿತ್ತು. ಅಕ್ಷರವು ಮೊಮ್ಮಗಳದು, ಮಾತು ನನ್ನದು. ಅವಳು ಆರು ವರ್ಷದವಳಾಗಿದ್ದಾಗ ನಂಟರ ಮದುವೆಯ ಮನೆಯೊಂದರಲ್ಲಿ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಗಳಿಕೆಯೆಂದೇ ಭಾವಿಸಿ ಹೇಳಿದ್ದೆ. ಮೂವತ್ತು ವರ್ಷ ವ್ಯಾಕರಣವನ್ನು ಬೋಧಿಸಿದವನಿಗೆ, ‘ಆದರೇನು’ ಎಂಬುದು ಮೊದಲು ದೋಷವನ್ನು ಹೊರಿಸಿ ಆಮೇಲೆ ಕ್ಷಮಿಸುವ ಮಾತೆಂಬುದು ತಿಳಿಯದೆ ಹೋಯಿತು! ಬೇಲೂರಿಗೆ ಹುಡುಗರನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ, ಕೈಯಲ್ಲಿ ಕನ್ನಡಿ ಹಿಡಿದು ನಿಂತ ಆ ದರ್ಪಣಸುಂದರಿಯನ್ನು ತೋರಿಸಿ ಕೊಂಡಾಡಿದ್ದೇನೆ. 1117ರಲ್ಲಿ ಪ್ರತಿಷ್ಠೆಯಾದ ದೇವಾಲಯದ ಆ ಕಪ್ಪು ಶಿಲೆಯ ಚೆಲುವೆಯನ್ನು ಕುರಿತು ‘ಕಪ್ಪಾದರೇನು’ ಎಂದು ಒಮ್ಮೆಯೂ ಅಂದವನಲ್ಲ.

ರಾತ್ರಿ ಊಟವಾದ ಮೇಲೆ, “ಮಗು, ಆ ಚೀಟಿ...” ಎಂದು ಆರಂಭಿಸಿ ಮುಂದೆ ಮಾತು ಹೊರಡದೆ ನಿಂತೆ.

“ನೀವು ಪ್ರೀತಿಯಿಂದಲೇ ಹೇಳಿದಿರಿ, ತಾತ. ನನಗೆ ಗೊತ್ತು. ಫೋನು ಹೊಸದಾಗಿ ಏನನ್ನೂ ಹೇಳಲಿಲ್ಲ. ಮನೆಯಲ್ಲಿ ಒಂದು ಸಲ ಕೇಳಿದ್ದನ್ನೇ ಅದು ದಿನಕ್ಕೆ ನೂರು ಸಲ ಹೇಳಿತು, ಅಷ್ಟೆ. ಎರಡು ವರ್ಷ ನಾನು ಆ ತಿಳಿಬಣ್ಣ ಹಚ್ಚದೆ ಒಂದು ಚಿತ್ರವನ್ನೂ ಯಾರಿಗೂ ತೋರಿಸಲಿಲ್ಲ” ಎಂದಳು.

“ತಪ್ಪಾಯಿತು” ಎಂದೆ. ಹಿರಿಯನಾದವನ ಬಾಯಿಗೆ ಅದು ಅಭ್ಯಾಸವಿಲ್ಲದ ಪದ. ಅವಳು ಎದ್ದು ನನ್ನ ಹಾಸಿಗೆಯನ್ನು ಬಿಡಿಸಿ ಹಾಕಿದಳು.

ಅವಳು ಮೈಸೂರಿಗೆ ಹಿಂದಿರುಗಿದ್ದಾಳೆ. ಕನ್ನಡಿಯು ತನ್ನ ಮೊಳೆಗೆ ಮರಳಿದೆ. ಮೊನ್ನೆ ನೆರೆಮನೆಯವರು ಹಸುಗೂಸನ್ನು ಎತ್ತಿಕೊಂಡು ಬಂದು, “ಬಣ್ಣ ಸ್ವಲ್ಪ ಕಡಿಮೆ ಮೇಷ್ಟ್ರೇ, ಆದರೂ...” ಎಂದು ಮೊದಲುಮಾಡಿದರು. ವಾಕ್ಯವು ಮುಗಿಯುವುದಕ್ಕೆ ನಾನು ಅವಕಾಶಕೊಡಲಿಲ್ಲ. “ಮಗು ಚೆನ್ನಾಗಿದೆಯಮ್ಮ” ಎಂದು ಹೇಳಿ, ಅದನ್ನು ಕೈಗೆ ತೆಗೆದುಕೊಂಡೆನು.